ಹೊಕ್ಕಳವ್ವನ ಪಥ್ಯ

ನಮ್ಮ ಊರು ಬೋವಾ ಸೋಂಬ್ರಾದಲ್ಲಿ ಯಾರನ್ನಾದರೂ ನಿಲ್ಲಿಸಿ, ‘ನೀನು ಹುಟ್ಟಿದಾಗ ಯಾರ ಕೈಗೆ ಬಿದ್ದೆ?’ ಎಂದು ಕೇಳಿದರೆ ನಗುತ್ತಾರೆ. ಅದೇನು ಕೇಳುವ ಮಾತೇ? ನಲವತ್ತೈದು ವರ್ಷದಿಂದ ತಪಜೋಸ್ ಹೊಳೆಯ ಈ ದಂಡೆಯಲ್ಲಿ ಹುಟ್ಟಿದವರೆಲ್ಲ ಬಿದ್ದದ್ದು ಎರುಂದೀನಾಳ ಕೈಗೇ. ಒಟ್ಟು ಇನ್ನೂರ ಹದಿನಾಲ್ಕು ಮಕ್ಕಳು. ಅದರಲ್ಲಿ ಏಳು ಉಸಿರಿಲ್ಲದೆ ಹುಟ್ಟಿದವು. ಹೆಸರಿಲ್ಲದೆ ಯಾರೂ ಮಣ್ಣಿಗೆ ಹೋಗಬಾರದೆಂದು ಆ ಏಳಕ್ಕೂ ಅವಳೇ ಹೆಸರಿಟ್ಟಿದ್ದಳು, ಮತ್ತು ಆ ಹೆಸರುಗಳು ಅವಳಿಗೆ ಇವತ್ತಿಗೂ ನೆನಪಿವೆ.

ಹೊಕ್ಕಳಬಳ್ಳಿ ಕೊಯ್ದವಳು ನಮ್ಮಲ್ಲಿ ಸಾಯುವ ತನಕ ತಾಯಿ. ನರೆತ ಮೀಸೆಯ ದೋಣಿ ಮಾಲೀಕನೂ ಹೊಳೆಗೆ ಇಳಿಯುವ ಮೊದಲು ಅವಳ ಜಗಲಿಯ ಮುಂದೆ ನಿಂತು ಕೈ ಚಾಚುತ್ತಾನೆ. "ಹರಸು, ಹೊಕ್ಕಳವ್ವ." ಅವಳು ಕೈ ಕೊಡುತ್ತಾಳೆ, ಅವನು ಅದಕ್ಕೆ ಮುತ್ತಿಡುತ್ತಾನೆ, ಅವಳು "ದೇವರು ಹರಸಲಿ" ಎನ್ನುತ್ತಾಳೆ. ಇಷ್ಟಾದ ಮೇಲೆಯೇ ದೋಣಿಯ ಮೋಟಾರು ಗುರ್ರೆನ್ನುವುದು. ಹಾಗೆಂದು ಎರುಂದೀನಾ ಬೆಣ್ಣೆಯಂಥ ಹೆಂಗಸೇನಲ್ಲ. ಹರಸಿದ ಬಾಯಲ್ಲೇ "ನಿನ್ನೆ ಕುಡಿದು ಹೆಂಡತಿ ಮೇಲೆ ಕೂಗಾಡ್ದೆಯಂತೆ, ನಾಚ್ಕೆ ಆಗಲ್ವಾ ನಿಂಗೆ?" ಎಂದು ನಾಲ್ಕು ಜನರ ಮುಂದೆ ನೀರಿಳಿಸುತ್ತಿದ್ದಳು. ಊರು ಅದನ್ನೂ ಹರಕೆಯಂತೆಯೇ ತೆಗೆದುಕೊಳ್ಳುತ್ತಿತ್ತು.

ಅವಳ ಹೆಸರು ಹೊಳೆಯುದ್ದಕ್ಕೂ ನಿಂತದ್ದು ಹೆರಿಗೆಗಿಂತ ಹೆಚ್ಚಾಗಿ ಪಥ್ಯದ ಮೇಲೆ. ಬಸುರಿಗೆ ಏಳು ತುಂಬಿದಾಗಿನಿಂದ ಹೆತ್ತು ನಲವತ್ತು ದಿನ ಆಗುವವರೆಗೆ ಅವಳದೇ ಆಡಳಿತ. ಹಂದಿ ಇಲ್ಲ, ಬಾತುಕೋಳಿ ಇಲ್ಲ, ಆಮೆ ಇಲ್ಲ, ಮೈಮೇಲೆ ಪೊರೆಯಿಲ್ಲದ ಮೀನು ಇಲ್ಲ. ಪಾಕು ಮೀನಂತೂ ಬೇಡವೇ ಬೇಡ. ಕಾಡಿನಿಂದ ಉದುರಿದ ಹಣ್ಣು ತಿಂದು ಕೊಬ್ಬಿದ ಆ ಚಪ್ಪಟೆ ಮೀನಿಗೆ ನಂಜು ಹೆಚ್ಚು, ಗಾಯವಿದ್ದವರು ತಿಂದರೆ ಗಾಯ ಕೀವು ಕಟ್ಟುತ್ತದೆ, ಬಾಣಂತಿ ತಿಂದರೆ ಗರ್ಭಕೋಶವೇ ಕೊಳೆಯುತ್ತದೆ ಎಂಬುದು ಅವಳ ಅಜ್ಜಿಯ ಕಾಲದಿಂದ ಬಂದ ಮಾತು. ಹಾಗಾದರೆ ತಿನ್ನಬೇಕಾದದ್ದೇನು? ತುಕುನರೆ. ಬಾಲದ ಮೇಲೆ ಕಣ್ಣಿನಂಥ ಬೊಟ್ಟಿರುವ, ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ಹೋಗಿ ನುಂಗುವ, ಬಿಳಿ ಮಾಂಸದ ತುಕುನರೆ. ಅದರ ಸಾರು, ಅದರೊಳಗೆ ನೆನೆಸಿದ ಮರಗೆಣಸಿನ ಹುರಿಹಿಟ್ಟು. ದಿನಕ್ಕೆರಡು ಹೊತ್ತು. ಎರುಂದೀನಾ ಸ್ವತಃ ಬಂದು, ಪಕ್ಕದಲ್ಲಿ ಕೂತು, ಬಟ್ಟಲು ಖಾಲಿಯಾದದ್ದನ್ನು ನೋಡಿಯೇ ಏಳುತ್ತಿದ್ದಳು.

ಒಂದು ವರ್ಷ ಮಾರ್ಚ್ ತಿಂಗಳಲ್ಲಿ ಹೊಳೆ ಮೇಲೇರಿ ಕಾಡಿನೊಳಗೆ ಹೊಕ್ಕಿದ್ದ ಹೊತ್ತು. ಹಿಂದಿನ ವರ್ಷ ಹೆಂಗಸರ ತಲೆಯಿಂದ ಕೂದಲೆಳೆ ಕತ್ತರಿಸಿಕೊಂಡು ಹೋಗಿದ್ದ ಪಟ್ಟಣದ ತಂಡ ಆ ಕೂದಲ ಪರೀಕ್ಷೆಯ ಚೀಟಿಗಳನ್ನು ಹಿಡಿದು ವಾಪಸು ಬಂತು. ತಂಡದಲ್ಲಿದ್ದ ಲೀವಿಯಾ ಎಂಬ ಹುಡುಗಿ ಶಾಲೆಯ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದಳು. ಮೇಲಿನ ಕಡೆ ಚಿನ್ನ ತೊಳೆಯುವವರು ಪಾದರಸವನ್ನು ಹೊಳೆಗೆ ಬಿಡುತ್ತಾರೆ. ಅದು ಕೆಸರು ಸೇರುತ್ತದೆ, ಹುಳ ಸೇರುತ್ತದೆ, ಹುಳ ತಿಂದ ಮೀನು ಸೇರುತ್ತದೆ. ಸಣ್ಣದನ್ನು ದೊಡ್ಡದು, ಅದನ್ನು ಇನ್ನೂ ದೊಡ್ಡದು ನುಂಗುತ್ತ ಹೋಗುತ್ತದೆ, ಆದರೆ ಪಾದರಸ ಮಾತ್ರ ಯಾರ ಹೊಟ್ಟೆಯಲ್ಲೂ ಅರಗುವುದಿಲ್ಲ, ಕೂಡುತ್ತ ಹೋಗುತ್ತದೆ. ತಿಂದವರ ಕೂದಲಲ್ಲಿ ಅದು ಉಳಿಯುತ್ತದೆ. ಕೂದಲು ತಿಂಗಳಿಗೆ ಒಂದು ಬೆರಳಗಲಕ್ಕೆ ತುಸು ಕಮ್ಮಿ ಬೆಳೆಯುವುದರಿಂದ ಯಾವ ತಿಂಗಳು ಎಷ್ಟು ತಿಂದರೆಂದು ಎಳೆಯ ಮೇಲೆಯೇ ಓದಬಹುದು.

ಎರುಂದೀನಾಳ ಗಂಡನೂ ಒಂದು ಕಾಲಕ್ಕೆ ಮೂರು ವರ್ಷ ಅಂಥ ಚಿನ್ನ ತೊಳೆಯುವ ತೆಪ್ಪದ ಮೇಲೆ ದುಡಿದವನು. ಪಾದರಸ ಅವಳಿಗೆ ಹೊಸದಲ್ಲ. ಅವಳು ಕಣ್ಣರ್ಧ ಮುಚ್ಚಿ ಕೇಳಿಸಿಕೊಂಡಳು.

ಪ್ರತಿ ಚೀಟಿಯ ಮೇಲೂ ಒಂದು ಗೆರೆ ಏರುತ್ತ ಇಳಿಯುತ್ತ ಹೋಗಿತ್ತು. ಕೂದಲು ಕೊಡುವ ಮೊದಲಿನ ತಿಂಗಳುಗಳಲ್ಲಿ ಹೆತ್ತಿದ್ದ ಮೂವರ ಚೀಟಿಗಳನ್ನು ಲೀವಿಯಾ ಬೇರೆಯಾಗಿ ಇಟ್ಟುಕೊಂಡಿದ್ದಳು. ಮೂರರಲ್ಲೂ ಗೆರೆ ಒಂದು ಕಡೆ ಗುಡ್ಡದಂತೆ ಎದ್ದಿತ್ತು.

"ಈ ತಿಂಗಳುಗಳಲ್ಲಿ ನೀವು ಏನು ತಿಂದ್ರಿ, ನೆನಪಿದೆಯಾ?" ಎಂದು ಕೇಳಿದಳು.

"ಎಲ್ಲ ಕಾಲದಲ್ಲೂ ತಿನ್ನೋದೇ," ಎಂದಳು ಒಬ್ಬಳು.

"ಏನೂ ತಿಂದೇ ಇಲ್ಲ ಕಣಮ್ಮ," ಎಂದಳು ಇನ್ನೊಬ್ಬಳು. "ಬಸುರಿ ಬಾಣಂತಿ ಏನು ತಿಂತಾಳೆ? ಪಥ್ಯದಲ್ಲಿದ್ದೆ."

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಯಾರೂ ಸುಳ್ಳು ಹೇಳಿದ್ದಲ್ಲ. ನಮ್ಮಲ್ಲಿ ಪಥ್ಯದ ಸಾರು ಊಟವಲ್ಲ, ಔಷಧಿ. ತಿಂದದ್ದೇನೆಂದು ಕೇಳಿದರೆ ಔಷಧಿಯನ್ನು ಯಾರು ಹೇಳುತ್ತಾರೆ? ಲೀವಿಯಾ ಪೆನ್ನಿನ ತುದಿ ಕಚ್ಚಿಕೊಂಡು "ವಿಚಿತ್ರ" ಎಂದು ಬರೆದುಕೊಂಡಳು.

ಎರುಂದೀನಾಗೆ ಅಕ್ಷರ ಬಾರದು. ಆದರೆ ಬೆರಳಲ್ಲಿ ತಿಂಗಳು ಎಣಿಸುವುದು ಅವಳ ಕಸುಬು. ಅವಳು ಚೀಟಿ ಎಳೆದುಕೊಂಡು, ತಿಂಗಳ ಗೀಟುಗಳನ್ನು ಕೇಳಿ ತಿಳಿದು, ಹೆರಿಗೆಯ ದಿನದ ಮೇಲೆ ಹೆಬ್ಬೆರಳಿಟ್ಟು ಹಿಂದಕ್ಕೆ ಎಣಿಸಿದಳು. ಗುಡ್ಡ ಏಳುವುದು ಏಳು ತಿಂಗಳು ತುಂಬಿದಲ್ಲಿ. ಮುಂದಕ್ಕೆ ಎಣಿಸಿದಳು. ನಲವತ್ತು ದಿನ ಕಳೆದ ಮೇಲೆ ಇಳಿಜಾರು. ಎರಡನೇ ಚೀಟಿ ಹಾಗೆಯೇ. ಮೂರನೆಯದೂ ಹಾಗೆಯೇ. ಅವಳು ಬೆರಳನ್ನು ಅಲ್ಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಜನ ಚದುರಿದ ಮೇಲೆ ಅವಳು ಲೀವಿಯಾಳ ಹತ್ತಿರ ಹೋದಳು.

"ಮಗಾ, ತುಕುನರೆಯಲ್ಲಿ ಎಷ್ಟಿದೆ ಅದು?"

"ಎಲ್ಲಕ್ಕಿಂತ ಜಾಸ್ತಿ ಇರೋದರಲ್ಲಿ ಅದೂ ಒಂದು, ಎರುಂದೀನಮ್ಮ. ಬೇರೆ ಮೀನು ತಿಂದೇ ಬದುಕೋದಲ್ವಾ."

"ಪಾಕು?"

"ಅದು ಹಣ್ಣು ತಿನ್ನುತ್ತೆ. ಅದರಲ್ಲಿ ತುಂಬಾ ಕಮ್ಮಿ. ನೀವೆಲ್ಲ ಅದನ್ನ ತಿಂದ್ರೆ ಒಳ್ಳೇದು."

"ಹೊಟ್ಟೆಯೊಳಗಿರೋ ಕೂಸಿಗೆ ಏನಾಗುತ್ತೆ?"

ಲೀವಿಯಾ ಚೀಟಿಗಳನ್ನು ಕೆಳಗಿಟ್ಟು ಹೇಳಿದಳು. "ಮಿದುಳಿಗೆ ಪೆಟ್ಟು. ನಡೆಯೋದು, ಮಾತಾಡೋದು ತಡ ಆಗಬಹುದು, ಕೈ ಹಿಡಿತ ಸರಿ ಬರದೇ ಇರಬಹುದು. ಆದ್ರೆ ಒಂದು ಮಗೂನ ಮುಂದೆ ನಿಲ್ಲಿಸ್ಕೊಂಡು, ಇದಕ್ಕೆ ಹಿಂಗಾಗಿದ್ದು ಅದರಿಂದಲೇ ಅಂತ ಯಾರಿಗೂ ಹೇಳೋಕಾಗಲ್ಲ."

"ನಾನು ಯಾವ ಮಗೂನೂ ಕೇಳಲಿಲ್ಲ," ಎಂದಳು ಎರುಂದೀನಾ, ಮತ್ತು ಮನೆಗೆ ನಡೆದಳು.

ಕೇಳದಿದ್ದರೂ ಅವಳ ಕಣ್ಣ ಮುಂದಿದ್ದದ್ದು ಒಂದೇ ಮಗು. ಅವಳೇ ಸಾಕಿದ ಮೊಮ್ಮಗಳು ಲುಸಿನೇಯಾಳ ಮಗಳು ನಾಯಾರಾ. ಏಳು ವರ್ಷ. ಮೂರು ತುಂಬುವ ತನಕ ನಡೆಯಲಿಲ್ಲ. ಈಗಲೂ ಒಂದು ಮಾತು ಹೊರಗೆ ಬರಬೇಕಾದರೆ ನಡುವೆ ನಾಲ್ಕು ಕಡೆ ನಿಂತು ಬರುತ್ತದೆ. ಚಮಚ ಹಿಡಿದರೆ ಸಾರು ಅರ್ಧ ಎದೆಯ ಮೇಲೆ. ಅದಕ್ಕೆ ಊರು ಒಂದೊಂದು ಕಾರಣ ಹುಡುಕಿಕೊಂಡಿತ್ತು: ಬಸುರಿ ಗುಡುಗಿಗೆ ಹೆದರಿದ್ದಳು, ಯಾರೋ ಕಣ್ಣು ಹಾಕಿದರು. ಎರುಂದೀನಾ ಸ್ವತಃ ಗುಡುಗಿನ ಪಕ್ಷ. ಲುಸಿನೇಯಾ ಈಗ ಮತ್ತೆ ಬಸುರಿ. ಮುಂದಿನ ವಾರ ಏಳು ತಿಂಗಳು ತುಂಬುತ್ತದೆ. ಪಥ್ಯ ಶುರುವಾಗಬೇಕು.

ಎರಡು ದಿನ ಎರುಂದೀನಾ ಜಗಲಿಗೆ ಬರಲಿಲ್ಲ. ಸುಮ್ಮನಿರಬಹುದಿತ್ತು. ಲೀವಿಯಾಗೆ ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ, ಮೂರು ಚೀಟಿಗಳನ್ನು ಒಟ್ಟಿಗೆ ಇಟ್ಟು ಎಣಿಸಿದ್ದು ಅವಳೊಬ್ಬಳೇ. ಬಾಯಿ ಬಿಟ್ಟರೆ ನಲವತ್ತೈದು ವರ್ಷ ಬಾಯಿಗಿಟ್ಟ ಬಟ್ಟಲುಗಳೆಲ್ಲ ತಿರುಗಿ ಅವಳ ಕಡೆಗೇ ಬರುತ್ತವೆ. ಅವಳಿಗೆ ಹೆದರಿಕೆಯಾಗಿತ್ತು. ಹೆಣ ಎದ್ದು ಬಂದರೂ ಹೆದರದ ಹೆಂಗಸು ಅವಳು, ಆದರೂ ಹೆದರಿದ್ದಳು.

ಮೂರನೇ ದಿನ ಲುಸಿನೇಯಾಳ ಮನೆಗೆ ಹೋದಳು. ಅಡುಗೆಮನೆಯಲ್ಲಿ ಲುಸಿನೇಯಾಳ ಅತ್ತೆ ಸೆಬಾಸ್ತಿಯಾನಾ ತುಕುನರೆಯ ಪೊರೆ ಹೆರೆಯುತ್ತಿದ್ದಳು. ನಲವತ್ತೈದು ವರ್ಷದಲ್ಲಿ ಎರುಂದೀನಾಳ ಪಥ್ಯವನ್ನು ಅವಳಷ್ಟು ಚಾಚೂ ತಪ್ಪದೆ ಪಾಲಿಸಿದವರು ಇನ್ನೊಬ್ಬರಿಲ್ಲ.

"ಬಾ ಬೀಗ್ತಿ, ಬಾ. ನೋಡು, ನಿನ್ನ ಮೊಮ್ಮಗಳಿಗೆ ಅಂತ ನನ್ನ ಮಗ ಬೆಳಗ್ಗೆಯೇ ಹಿಡ್ಕೊಂಡು ಬಂದ. ಇನ್ನೂ ವಾರ ಇದೆ, ಇರ್ಲಿ, ಮುಂಚೆನೇ ಶುರು ಮಾಡೋಣ."

"ಬೇಡ. ಈ ಸಲ ತುಕುನರೆ ಬೇಡ. ಪಾಕು ಕೊಡು."

ಸೆಬಾಸ್ತಿಯಾನಾಳ ಚಾಕು ನಿಂತಿತು. "ಏನಂದೆ?"

ಎರುಂದೀನಾ ಎಲ್ಲವನ್ನೂ ಹೇಳಿದಳು. ಚೀಟಿ, ಗೆರೆ, ಬೆರಳೆಣಿಕೆ, ಏನನ್ನೂ ಬಿಡಲಿಲ್ಲ. ಸೆಬಾಸ್ತಿಯಾನಾ ಕೇಳಿ ಮುಗಿಸಿ ನಕ್ಕಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ಹನ್ನೆರಡು ವರ್ಷ ತಡವಾಗಿ ಹಿಡ್ಕೊಂಡಿದೆ ಅಷ್ಟೆ. ಪಾಕು ತಿಂದ್ರೆ ಒಳಗೆಲ್ಲ ಕೊಳೀತದೆ ಅಂತ ನಂಗೆ ಹೇಳ್ಕೊಟ್ಟಿದ್ದು ಯಾರು? ನನ್ನ ತಂಗಿ ಕದ್ದು ಒಂದು ತುಂಡು ಬಾಯಿಗೆ ಹಾಕ್ಕೊಂಡಿದ್ದಕ್ಕೆ ಅವಳ ಕೆನ್ನೆಗೆ ಬಾರಿಸಿದ್ದು ಯಾರು?"

"ನಾನೇ."

"ಮತ್ತೆ?"

"ನಂಗೆ ಗೊತ್ತಿರಲಿಲ್ಲ ಸೆಬಾಸ್ತಿಯಾನಾ."

ಜೋಲಿಯಲ್ಲಿ ಮಲಗಿದ್ದ ಲುಸಿನೇಯಾ ಎದ್ದು ಕೂತಿದ್ದಳು. ಅವಳ ಮುಖ ನೋಡಿದ ಕೂಡಲೇ ಎರುಂದೀನಾಗೆ ಮುಂದೆ ಬರುವ ಮಾತು ತಿಳಿಯಿತು.

"ಹಾಗಾದ್ರೆ ನಾಯಾರಾ?"

ಲುಸಿನೇಯಾ ಜೋಲಿಯಿಂದ ಕಾಲು ಕೆಳಗಿಟ್ಟಳು.

"ನಂಗೆ ವಾಕರಿಕೆ ಬರ್ತಿತ್ತು ಅಜ್ಜಿ. ಬೇಡ ಬೇಡ ಅಂತ ಅಳ್ತಿದ್ದೆ ನಾನು. ನೀನು ಮೂಗು ಹಿಡ್ದು ಕುಡಿಸ್ದೆ. ಕೂಸು ಗಟ್ಟಿಯಾಗುತ್ತೆ ಅಂದೆ."

"ಹೂಂ. ಅಂದೆ."

"ಹಾಗಾದ್ರೆ ನಾಯಾರಾ ಹಿಂಗಾಗಿದ್ದು..."

"ಅದು ಯಾರಿಗೂ ಹೇಳೋಕಾಗಲ್ವಂತೆ. ಪಟ್ಟಣದ ಹುಡುಗಿ ಹೇಳಿದ್ಲು. ಆದ್ರೆ ಕುಡಿಸಿದ್ದು ನಾನೇ."

"ಸುಳ್ಳು!" ಎಂದು ಲುಸಿನೇಯಾ ಕಿರುಚಿದಳು. "ಗುಡುಗಿಂದ ಆಗಿದ್ದು ಅದು. ನೀನೇ ಹೇಳಿದ್ದು, ಗುಡುಗಿಂದ! ಹೋಗು ಅಜ್ಜಿ ಇಲ್ಲಿಂದ. ಅತ್ತೆ, ಸಾರು ಹಾಕಿ ನಂಗೆ."

ಆ ಮಧ್ಯಾಹ್ನ ಅವಳು ಎರಡು ಬಟ್ಟಲು ತುಕುನರೆ ಸಾರು ಕುಡಿದಳಂತೆ. ಹಸಿವಿನಿಂದ ಕುಡಿದದ್ದಲ್ಲ. ಪಾಕು ತಿಂದರೆ ನಾಯಾರಾಳ ವಿಷಯ ನಿಜವೆಂದು ಒಪ್ಪಿಕೊಂಡ ಹಾಗೆ, ತುಕುನರೆ ತಿಂದರೆ ಗುಡುಗೇ ನಿಜ. ಯಾವ ತಾಯಿ ತಾನೇ ಗುಡುಗನ್ನು ಬಿಟ್ಟುಕೊಡುತ್ತಾಳೆ?

ಸುದ್ದಿ ದೋಣಿಕಟ್ಟೆಗೆ ಬರಲು ಒಂದು ಗಂಟೆಯೂ ಬೇಕಾಗಲಿಲ್ಲ. "ಹೊಕ್ಕಳವ್ವನಿಗೆ ಪಟ್ಟಣದವರು ಕೂದಲ ಜೊತೆ ಬುದ್ಧಿನೂ ಕತ್ತರಿಸ್ಕೊಂಡು ಹೋದ್ರು," ಎಂದು ಒಬ್ಬ. "ನಾಳೆ ಹಂದಿ ತಿನ್ನಿ ಅಂತಾಳೆ, ನಾಡಿದ್ದು ಮೊಸಳೆ," ಎಂದು ಇನ್ನೊಬ್ಬ. ಲೀವಿಯಾ ದೋಣಿ ಹತ್ತುವ ಮೊದಲು ಮನೆಮನೆಗೆ ಹೋಗಿ ಹೇಳಿ ನೋಡಿದಳು. ಎಲ್ಲರೂ ಕಾಫಿ ಕೊಟ್ಟು, ತಲೆಯಾಡಿಸಿ ಕಳಿಸಿದರು. ಎರುಂದೀನಾಳ ಮಾತನ್ನು ಮೀರಿಸುವ ಮಾತು ಈ ದಂಡೆಯಲ್ಲಿ ಯಾವುದೂ ಇರಲಿಲ್ಲ, ಎರುಂದೀನಾಳದೂ ಸೇರಿ. ಅವಳು ನಲವತ್ತೈದು ವರ್ಷ ಬಿಗಿದ ಗಂಟು ಅವಳ ಕೈಯಿಂದಲೇ ಬಿಚ್ಚಲಾಗದಷ್ಟು ಬಿಗಿಯಾಗಿತ್ತು.

ಮರುದಿನ ಬೆಳಗ್ಗೆ ಅವಳು ಮಚ್ಚು ಹಿಡಿದು ದೋಣಿಕಟ್ಟೆಗೆ ಬಂದಳು. ಹೊಳೆಗಿಳಿಯುವವರು ಹತ್ತು ಹನ್ನೆರಡು ಜನ ಅಲ್ಲಿದ್ದರು. ಹಲಗೆಯ ಮೇಲೆ ಕೂತು, ಲಂಗ ಸರಿಸಿ, ಎಡಗಾಲಿನ ಮೀನಖಂಡದ ಮೇಲೆ ಒಂದು ಗೇಣು ಉದ್ದಕ್ಕೆ ಮಚ್ಚು ಎಳೆದಳು. ಆಳವಾಗಿ ಎಳೆಯಲಿಲ್ಲ, ಮೇಲೆಮೇಲೆಯೂ ಎಳೆಯಲಿಲ್ಲ. ಜನ ಓಡಿ ಬಂದರು.

"ಯಾರೂ ಮುಟ್ಟಬೇಡಿ. ಗಾಯ ಇದ್ದವರು ಪಾಕು ತಿಂದ್ರೆ ಕೊಳೆಯುತ್ತೆ ಅಂತ ನಿಮ್ಗೆ ಹೇಳಿದ್ದು ನಾನು. ಇವತ್ತಿಂದ ದಿನಾ ಇಲ್ಲೇ ಕೂತು ಪಾಕು ತಿಂತೀನಿ. ಕೊಳೆತ್ರೆ ನನ್ನ ಹಳೇ ಮಾತು ಹಿಡ್ಕೊಳ್ಳಿ. ಮಾಯ್ದ್ರೆ ಹೊಸದು ಹಿಡ್ಕೊಳ್ಳಿ."

ಎಪ್ಪತ್ತೆರಡರ ಮೈ. ಗಾಯ ಮಾಯುವ ವಯಸ್ಸಲ್ಲ ಅದು. ಅವಳಿಗೂ ಗೊತ್ತಿತ್ತು. ಕುದಿಸಿದ ನೀರಲ್ಲಿ ತೊಳೆದು ಕೊಪೈಬಾ ಮರದ ಎಣ್ಣೆ ಹಚ್ಚಿದಳು, ಯಾವ ಗಾಯಕ್ಕಾದರೂ ಅವಳು ಮಾಡುತ್ತಿದ್ದುದು ಅಷ್ಟೇ. ಮಧ್ಯಾಹ್ನ ಪಾಕು ಸುಟ್ಟು ತಂದು, ಎಲ್ಲರೂ ಓಡಾಡುವ ಹಲಗೆಯ ಮೇಲೆ ಕೂತು ತಿಂದಳು. ನಲವತ್ತೈದು ವರ್ಷ ಬೇರೆಯವರ ಊಟಕ್ಕೆ ಕಾವಲು ಕೂತವಳ ಊಟಕ್ಕೆ ಈಗ ಊರೇ ಕಾವಲು ಕೂತಿತು.

ನಾಲ್ಕನೇ ದಿನ ಗಾಯದ ಅಂಚು ಕೆಂಪಾಯಿತು. ಆರನೇ ದಿನ ಕಾಲು ಊದಿಕೊಂಡು ಜ್ವರ ಬಂತು. ಸೆಬಾಸ್ತಿಯಾನಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹೇಳಿರಲಿಲ್ವಾ? ಆಯ್ತು, ಗೆದ್ದಿದ್ದು ನಿನ್ನ ಹಳೇ ಮಾತೇ ಅನ್ಕೋ. ಇವತ್ತು ನಾನು ತುಕುನರೆ ಸಾರು ಮಾಡಿ ತರ್ತೀನಿ, ಕುಡ್ದು ಉಳ್ಕೋ. ಸತ್ತು ಯಾರಿಗೇನು ತೋರಿಸ್ಬೇಕು ನೀನು?"

"ನಿನ್ನ ಸೊಸೆ ಇವತ್ತೇನು ತಿಂದ್ಲು?"

"ಇನ್ನೇನು ತಿಂತಾಳೆ?"

"ಹಾಗಾದ್ರೆ ಆ ಪಾಕು ತಟ್ಟೆ ಇತ್ತ ತಳ್ಳು."

ಜ್ವರದಲ್ಲಿ ನಾಲಿಗೆಗೆ ರುಚಿಯಿರಲಿಲ್ಲ. ಅರ್ಧ ಗಂಟೆ ಹಿಡಿಯಿತು. ಮುಳ್ಳು ಬಿಟ್ಟು ಏನೂ ಉಳಿಸಲಿಲ್ಲ. ಸೆಬಾಸ್ತಿಯಾನಾ ಬೈಯುತ್ತಲೇ ಕೂತಿದ್ದಳು, ಎದ್ದು ಹೋಗಲಿಲ್ಲ.

ಒಂಬತ್ತನೇ ದಿನ ಜ್ವರ ಬಿಟ್ಟಿತು. ಹನ್ನೆರಡಕ್ಕೆ ಊತ ಇಳಿಯಿತು. ಇಪ್ಪತ್ತನೇ ದಿನದ ಹೊತ್ತಿಗೆ ಗಾಯದುದ್ದಕ್ಕೂ ಒಣ ಹಕ್ಕಳೆ ಕಟ್ಟಿತ್ತು. ಸೆಬಾಸ್ತಿಯಾನಾ ಹಲಗೆಯ ಮೇಲೆ ಮಂಡಿಯೂರಿ, ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದಳು. ಮೂಗು ಹತ್ತಿರ ತಂದು ಮೂಸಿಯೂ ನೋಡಿದಳು. ಯಾರೋ ಕಿಸಕ್ಕೆಂದರು. ಅವಳು ಎದ್ದು, ಯಾರ ಮುಖವನ್ನೂ ನೋಡದೆ, "ಪಾಕು ಯಾರ ಹತ್ರ ಇದೆ?" ಎಂದು ಕೇಳಿದಳು.

ಆದರೆ ತಿನ್ನಬೇಕಾದವಳು ಅವಳಲ್ಲ. ಸಂಜೆ ಲುಸಿನೇಯಾ ತಾನೇ ಅಜ್ಜಿಯ ಜಗಲಿಗೆ ಬಂದಳು, ಹೊಟ್ಟೆಯ ಭಾರಕ್ಕೆ ಒಂದೊಂದೇ ಮೆಟ್ಟಿಲು ಹತ್ತುತ್ತ. ಎದುರು ಕೂತು ಪಾಕು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಒಂದು ತುಂಡು ಮುರಿದು ಕೈಯಲ್ಲೇ ಹಿಡಿದಿದ್ದಳು.

"ಇದನ್ನ ತಿಂದ್ರೆ ನಾಯಾರಾದೂ ನುಂಗಬೇಕಲ್ಲ ಅಜ್ಜಿ."

"ಹೂಂ."

"ನಿನ್ನ ಮೇಲೆ ನಂಗೆ ಸಿಟ್ಟು ಹೋಗಿಲ್ಲ."

"ಹೋಗೋದು ಬೇಡ. ತಿನ್ನು."

ಲುಸಿನೇಯಾ ತಿಂದಳು. ಅಗಿಯುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಗೆ, "ಉಪ್ಪು ಕಮ್ಮಿಯಾಗಿದೆ," ಎಂದಳು.

ಮೇ ತಿಂಗಳಲ್ಲಿ ಎರುಂದೀನಾಳ ಕೈಗೆ ಇನ್ನೂರ ಹದಿನೈದನೆಯ ಮಗು ಬಿತ್ತು. ಹೆಣ್ಣು. ನಲವತ್ತು ದಿನವೂ ಪಾಕು. ಯಾರ ಒಳಗೂ ಏನೂ ಕೊಳೆಯಲಿಲ್ಲ. ಮಗು ಹೇಗೆ ಬೆಳೆಯುತ್ತದೆಂಬುದನ್ನು ಕಾಲವೇ ಹೇಳಬೇಕು. ಮೇಲಿನ ಕಡೆ ತೆಪ್ಪಗಳು ಈಗಲೂ ಚಿನ್ನ ತೊಳೆಯುತ್ತಿವೆ.

ಊರು ಹೊಸ ಮಾತು ಹಿಡಿದುಕೊಂಡಿತು. ಹಿಡಿದುಕೊಂಡ ಮೇಲೆ ಹಳೆಯದರ ಲೆಕ್ಕ ಕೇಳದೆ ಇರುತ್ತದೆಯೇ? ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಶಾಲೆಯಲ್ಲಿ ಅಕ್ಷರ ಹತ್ತದ ಮಗನನ್ನು ಕರೆದುಕೊಂಡು ಒಬ್ಬಳು, ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗಳನ್ನು ಕರೆದುಕೊಂಡು ಇನ್ನೊಬ್ಬಳು. ಬಂದು ನಿಲ್ಲುತ್ತಿದ್ದರು, ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಎರುಂದೀನಾ ಪ್ರತಿಯೊಬ್ಬರಿಗೂ, "ಹೌದು, ನಾನೇ ಕೊಟ್ಟಿದ್ದು," ಎನ್ನುತ್ತಿದ್ದಳು. ಗೊತ್ತಿರಲಿಲ್ಲ ಎಂದು ಸೆಬಾಸ್ತಿಯಾನಾಳಿಗೆ ಒಮ್ಮೆ ಹೇಳಿದ್ದಳು, ಮತ್ತೆ ಯಾರಿಗೂ ಹೇಳಲಿಲ್ಲ. ಕೆಲವರು ಅತ್ತರು. ಕೆಲವರು ಅವಳ ಜಗಲಿಯ ದಾರಿಯನ್ನೇ ಬಿಟ್ಟರು. ನರೆತ ಮೀಸೆಯ ದೋಣಿ ಮಾಲೀಕ ಒಂದು ದಿನ ಈ ಕಡೆ ತಿರುಗದೆಯೇ ಮೋಟಾರು ಶುರು ಮಾಡಿಕೊಂಡು ಹೋದ. ಎರುಂದೀನಾ ಅದನ್ನು ಕೇಳಿಸಿಕೊಂಡಳು, ಯಾರನ್ನೂ ಕರೆದು ಬೈಯಲಿಲ್ಲ.

ದಾರಿ ಬಿಡದೆ ದಿನಾ ಸಂಜೆ ಬರುತ್ತಿದ್ದವಳು ನಾಯಾರಾ. ತಂಗಿಯ ಸುದ್ದಿ ಹೇಳಲು ಬರುತ್ತಿದ್ದಳು, ಒಂದು ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಒಂದು ಸಂಜೆ ಎಂದಿನಂತೆ ಹೋಗುವ ಮೊದಲು ಮುಂದೆ ನಿಂತು, ನಡುಗುವ ಕೈ ಚಾಚಿದಳು.

"ಹ... ಹರಸು... ಹೊಕ್... ಹೊಕ್ಕಳವ್ವ."

ಎರುಂದೀನಾ ಬಾಯಿ ತೆರೆದಳು. ಇನ್ನೂರು ಜನಕ್ಕೆ ದಿನವೂ ಹೇಳಿದ ಮಾತು ಹೊರಗೆ ಬರಲಿಲ್ಲ. ಹುಡುಗಿ ಕೈ ಚಾಚಿಕೊಂಡೇ ನಿಂತಿದ್ದಳು. ಹರಸಿಸಿಕೊಳ್ಳದೆ ಹೋಗುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಮುದುಕಿ ಜಗಲಿಯಿಂದ ಕೆಳಗಿಳಿದು, ಮಾಯ್ದ ಕಾಲನ್ನು ಮಡಿಸಿ ನೆಲದ ಮೇಲೆ ಕೂತು, ಆ ಪುಟ್ಟ ಕೈಯನ್ನು ಹಿಡಿದು ಅದಕ್ಕೆ ತಾನೇ ಮುತ್ತಿಟ್ಟಳು.

"ಇವತ್ತು ನೀನು ನನ್ನ ಹರಸು ಮಗಾ."

ನಾಯಾರಾಳಿಗೆ ಇದು ಎಲ್ಲಿಲ್ಲದ ತಮಾಷೆಯಾಗಿ ಕಂಡಿತು. ಬಿದ್ದು ಬಿದ್ದು ನಕ್ಕಳು. ಆಮೇಲೆ ದೊಡ್ಡವರಂತೆ ಮುಖ ಗಂಟಿಕ್ಕಿಕೊಂಡು ಶುರು ಮಾಡಿದಳು. "ದೇ... ದೇವ... ದೇವರು..." ಅಲ್ಲಿ ನಿಂತಿತು. ಮತ್ತೆ ಮೊದಲಿನಿಂದ ಹಿಡಿದಳು. ಹೊಳೆಯ ಮೇಲೆ ದೋಣಿಗಳು ಒಂದೊಂದಾಗಿ ದಂಡೆಗೆ ಬರುತ್ತಿದ್ದವು. ಆ ಎರಡು ಪದ ಮುಗಿಯುವವರೆಗೂ ಎರುಂದೀನಾ ಬಗ್ಗಿಸಿದ ತಲೆ ಎತ್ತಲಿಲ್ಲ.